ಮಹಡಿ ಮೇಲಿನ ಮಣ್ಣು

ನಾಲ್ಕು ಜನರನ್ನು ಕೂರಿಸಿಕೊಂಡು ಕೈಯಿಂದ ಏನಾದರೂ ಮಾಡಿಸುತ್ತೇನೆಂದು ಹೊರಟವರು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಮೊದಲೇ ಹೆಸರು ನೋಂದಾಯಿಸಿಕೊಂಡು, ಸರಿಯಾದ ಸಮಯಕ್ಕೆ ಬಂದು ಕೂರುತ್ತದೆ.

ನಾನು ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಅದರಿಂದ ಆದ ಉಪಯೋಗವೆಂದರೆ, ಚಾಮರಾಜಪುರಂನ ಹಳೆಯ ಮನೆಯೊಂದರ ಮಹಡಿ ಹಾಲಿನಲ್ಲಿ ಭಾನುವಾರಗಳಂದು ಜೇಡಿಮಣ್ಣಿನ ಶಿಬಿರ ನಡೆಸುತ್ತಿದ್ದೆ. ಶಿಬಿರ ಎಂದರೆ ಯಾರೂ ಬರುವುದಿಲ್ಲವಾದ್ದರಿಂದ ಬೋರ್ಡಿನಲ್ಲಿ ‘ವರ್ಕ್‌ಶಾಪ್’ ಎಂದು ಬರೆಸಿದ್ದೆ.

ಮೈಸೂರಿನಲ್ಲಿ ಸಂಗೀತಕ್ಕೆ ಹಾಲ್ ಸಿಗುತ್ತದೆ, ಯೋಗಕ್ಕೆ ಸಿಗುತ್ತದೆ, ಮಣ್ಣಿಗೆ ಸಿಗುವುದಿಲ್ಲ. ನೆಲ ಹಾಳಾಗುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ ಎಂದು ಬಾಗಿಲಿನಿಂದಲೇ ಕಳಿಸುತ್ತಾರೆ. ಊರೆಲ್ಲ ಸುತ್ತಿದ ಮೇಲೆ ದಕ್ಕಿದ್ದು ಇದೊಂದೇ. ಇದೂ ಕೈಬಿಟ್ಟರೆ ಮಡಕೆ ತಿರುಗಿಸುವ ತಿಗರಿಗಳು ಮಂಚದ ಕೆಳಗೆ ಹೋಗಬೇಕು, ನಾನು ಯಾವುದಾದರೂ ಶಾಲೆಯಲ್ಲಿ ಡ್ರಾಯಿಂಗ್ ಮಿಸ್ ಆಗಿ ತೆಂಗಿನಮರ, ಸೂರ್ಯೋದಯ ಬರೆಸಬೇಕು.

ಮನೆಯ ಯಜಮಾನಿ ಕೆಳಗಡೆಯೇ ಇರುತ್ತಾರೆ. ಆಂಟಿ ಎನ್ನುತ್ತೇನೆ. ಅವರ ತಮ್ಮನ ಮಗನಿಗೆ ಆ ಹಾಲಿನಲ್ಲಿ ಜುಂಬಾ ಡ್ಯಾನ್ಸ್ ಕ್ಲಾಸ್ ಇಡುವ ಆಸೆ. ಹಾಗಾಗಿ ಭಾನುವಾರ ಸಂಜೆ ನಾನು ಇಳಿದು ಬರುವಾಗ ಮೆಟ್ಟಿಲ ಬುಡದಲ್ಲಿ ವಿಚಾರಣೆ ಇರುತ್ತಿತ್ತು.

“ಇವತ್ತಾದ್ರೂ ಯಾರಾದ್ರೂ ಏನಾದ್ರೂ ಕಲಿತ್ರೇನಮ್ಮ?”

“ಕಲಿತ್ರು ಆಂಟಿ.”

“ಹಂಗಾದ್ರೆ ಸರಿ. ಸುಮ್ನೆ ಟೈಮ್‌ಪಾಸ್ ಆಗಿದ್ರೆ ಹೇಳ್ಬುಡು. ಅವನು ಕಾಯ್ತಾ ಇದಾನೆ.”

ಕೆನ್ನೆಯ ಮಣ್ಣು

ಒಬ್ಬಳು ಹುಡುಗಿ ಬಂದಳು. ಬಂದವಳೇ ಬೆಳಕು ಯಾವ ಕಿಟಕಿಯಿಂದ ಬರುತ್ತದೆ ಎಂದು ಕೇಳಿ ಅಲ್ಲಿ ಕೂತಳು. ಕಲೆಯ ಕಣ್ಣಿದೆ ಎಂದುಕೊಂಡೆ. ಜೊತೆಗೆ ಬಂದಿದ್ದ ಗೆಳತಿ ಫೋನ್ ಹಿಡಿದಳು.

“ಮೇಡಂ, ನೀವೇ ಒಂದು ಪಾಟ್ ಮಾಡ್ಬಿಡಿ. ಕೊನೇಲಿ ನಾನು ಕೈ ಇಡ್ತೀನಿ.”

ಮಾಡಿದೆ. ಅವಳು ಕೈ ಇಟ್ಟಳು. ಉಗುರು ಬಣ್ಣ ಕಾಣುವ ಹಾಗೆ ಇಟ್ಟಳು.

“ಕೆನ್ನೆಗೆ ಒಂಚೂರು ಮಣ್ಣು ಹಚ್ಚಿ ಮೇಡಂ. ನ್ಯಾಚುರಲ್ ಆಗಿರ್ಬೇಕು.”

ಹಚ್ಚಿದೆ. ಜಾಸ್ತಿಯಾಯಿತು ಎಂದಳು. ಒರೆಸಿ ಕಡಿಮೆ ಹಚ್ಚಿದೆ. ಆವತ್ತು ಆ ಹಾಲಿನಲ್ಲಿ ನಡೆದ ಅತ್ಯಂತ ಸೂಕ್ಷ್ಮ ಕೆಲಸ ಅದೇ. ನಾನು ಮಾಡಿದ ಮಡಕೆ ‘ನನ್ನ ಮೊದಲ ಮಡಕೆ’ ಎಂದು ಸಂಜೆಯೊಳಗೆ ಇನ್‌ಸ್ಟಾಗ್ರಾಮ್ ಸೇರಿತು. ಜನ ಮೆಚ್ಚಿದರು. ಕ್ಲಾಸ್ ಯಾವಾಗ ಎಂದು ಅವಳನ್ನೇ ಕೇಳಿದರು.

ಮುಂದಿನ ತಿಂಗಳು ಅವಳು ಕುವೆಂಪುನಗರದಲ್ಲಿ ತನ್ನದೇ ವರ್ಕ್‌ಶಾಪ್ ಶುರುಮಾಡಿದಳು. ಕರೆಯೋಲೆ ನನಗೂ ಬಂತು. ಕೆಳಗೆ ಪ್ರೀತಿಯಿಂದ ಸೇರಿಸಿದ್ದಳು: “ಬನ್ನಿ ಮೇಡಂ, ಹಿಂದೆ ಕಲಿತಿರಲೇಬೇಕು ಅಂತೇನಿಲ್ಲ.”

ಒತ್ತಡ ನಿವಾರಣೆ

ಒಂದು ಕಂಪನಿಯವರು ತಮ್ಮ ಸಿಬ್ಬಂದಿಯನ್ನು ಕರೆತಂದರು. ಕೆಲಸದ ಒತ್ತಡ ಇಳಿಯಬೇಕಂತೆ. ಒತ್ತಡವೂ ಜೊತೆಗೇ ಬಂದಿತ್ತು, ಅವರ ಮ್ಯಾನೇಜರ್. ಎಲ್ಲರಿಗಿಂತ ಮುಂದಿನ ತಿಗರಿಗೆ ಅವರೇ ಕೂತರು.

ಮೊದಲಿಗೆ ಎಲ್ಲರದೂ ಚೆನ್ನಾಗಿಯೇ ಏಳುತ್ತಿತ್ತು. ಮ್ಯಾನೇಜರರ ಮಡಕೆ ಮಾತ್ರ ಒಮ್ಮೆ ತೂಗಾಡಿ ಒಂದು ಪಕ್ಕಕ್ಕೆ ಕುಸಿಯಿತು.

“ಸರ್, ನಿಮ್ಮದು ಒಂಥರಾ ಮಾಡರ್ನ್ ಆಗಿದೆ,” ಎಂದರು ಪಕ್ಕದವರು. ಹೇಳಿ, ತಮ್ಮದನ್ನೂ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಕುಸಿಸಿದರು. ಅವರ ಹಿಂದಿನವರು ನೋಡಿದರು, ಒತ್ತಿದರು. ಸಾಲಾಗಿ ಎಲ್ಲ ಮಡಕೆಗಳೂ ಒಂದೇ ದಿಕ್ಕಿಗೆ ಮಲಗಿದವು. ಇಷ್ಟು ಏಕಾಭಿಪ್ರಾಯವನ್ನು ನಾನು ಯಾವ ಕಲಾ ಪ್ರದರ್ಶನದಲ್ಲೂ ಕಂಡಿಲ್ಲ.

ಹೊಸದಾಗಿ ಸೇರಿದ್ದ ಒಬ್ಬಳು ಮಾತ್ರ ತಲೆ ಎತ್ತದೆ ಮಾಡುತ್ತಿದ್ದಳು. ಅವಳದು ನೆಟ್ಟಗೆ, ತೆಳ್ಳಗೆ, ಬಾಯಿ ದುಂಡಗೆ ನಿಂತಿತ್ತು. ತುಂಬ ದಿನದ ಮೇಲೆ ನನಗೆ ಸಂತೋಷವಾಯಿತು. ಚಪ್ಪಾಳೆ ತಟ್ಟಿದೆ. ತಟ್ಟಿದ್ದು ನಾನೊಬ್ಬಳೇ.

ಮ್ಯಾನೇಜರ್ ಕೈ ಒರೆಸಿಕೊಳ್ಳುತ್ತಾ ಬಂದು ಆ ಮಡಕೆಯನ್ನು ಸುತ್ತ ತಿರುಗಿ ನೋಡಿದರು. “ವೆರಿ ಗುಡ್. ನಿಮಗೆ ಆಫೀಸ್‌ನಲ್ಲಿ ಕೆಲಸ ಕಮ್ಮಿ ಅನ್ಸುತ್ತೆ. ಸೋಮವಾರ ಬಂದು ನೋಡಿ ನನ್ನ.”

ಫೋನಿನಲ್ಲಿ

“ಸರ್ಟಿಫಿಕೇಟ್ ಕೊಡ್ತೀರಾ?”

“ಯಾವುದಕ್ಕೆ?”

“ಬಂದಿದ್ದಕ್ಕೆ.”

ಇನ್ನೊಬ್ಬರು ಆನ್‌ಲೈನ್ ಕ್ಲಾಸ್ ಇದೆಯಾ ಎಂದರು. ಇದು ಮಣ್ಣಿನ ಕೆಲಸ, ಮುಟ್ಟಬೇಕು ಎಂದೆ. “ನೀವು ಮುಟ್ಟಿ ಮೇಡಂ, ನಾವು ನೋಡ್ತೀವಿ,” ಎಂದರು.

ಕುರಿ ಇಲ್ಲದ ಗೋದಲಿ

ಡಿಸೆಂಬರಿನಲ್ಲಿ ಬನ್ನಿಮಂಟಪದ ಹಿರಿಯರೊಬ್ಬರು ಬಂದರು. ಅವರ ಚರ್ಚಿನ ಮಕ್ಕಳಿಂದಲೇ ಕ್ರಿಸ್‌ಮಸ್ ಗೋದಲಿಗೆ ಗೊಂಬೆ ಮಾಡಿಸಬೇಕಿತ್ತು: ಕೊಟ್ಟಿಗೆಯಲ್ಲಿ ಮಲಗಿದ ಬಾಲಯೇಸು, ತಾಯಿ ತಂದೆ, ದೂರದಿಂದ ನೋಡಲು ಬಂದ ಮೂವರು ರಾಜರು, ಕತ್ತೆ, ಹಸು, ಮುಖ್ಯವಾಗಿ ಕುರಿಗಳು. “ಕುರಿ ಜಾಸ್ತಿ ಇರ್ಲಿ ಮಿಸ್, ಹಿಂಡು ಕಾಣ್ಬೇಕು,” ಎಂದು ಹೇಳಿ ಹೋದರು.

ಮಕ್ಕಳ ಜೊತೆ ತಾಯಂದಿರೂ ಬಂದರು. ಒಬ್ಬ ಹುಡುಗನಿಗೆ ಕುರಿ ಕೊಟ್ಟೆ. ಅವನಿಗೆ ಅಡ್ಡಿಯಿರಲಿಲ್ಲ, ತಾಯಿಗಿತ್ತು.

“ಪಕ್ಕದ್ಮನೆ ಹುಡುಗ ರಾಜ ಮಾಡ್ತಾ ಇದಾನೆ. ನಮ್ಮೋನು ಯಾಕ್ರೀ ಕುರಿ ಮಾಡ್ಬೇಕು?”

“ಕುರಿ ಮಾಡೋದು ಕಷ್ಟ ಕಣ್ರೀ. ಉಣ್ಣೆ ಬರಿಸ್ಬೇಕು.”

“ಕಷ್ಟ ಆದ್ರೂ ಪರ್ವಾಗಿಲ್ಲ, ರಾಜನೇ ಕೊಡಿ.”

ಇದನ್ನು ಕೇಳಿಸಿಕೊಂಡ ಉಳಿದ ತಾಯಂದಿರೂ ಎದ್ದು ನಿಂತರು. ಮಧ್ಯಾಹ್ನದ ಹೊತ್ತಿಗೆ ಮೇಜಿನ ತುಂಬ ಕಿರೀಟ. ಅರ್ಧಕ್ಕರ್ಧ ಕಿರೀಟಗಳನ್ನು ತಾಯಂದಿರೇ ಮಾಡಿದ್ದರು. ಮಕ್ಕಳು ಮೂಲೆಯಲ್ಲಿ ಮಣ್ಣಿನಿಂದ ಹಾವು ಹೊಸೆದುಕೊಂಡು ಸುಖವಾಗಿದ್ದರು.

ಸಂಜೆ ಹಿರಿಯರು ಬಂದು ಮೇಜಿನ ಮೇಲಿನ ರಾಜರನ್ನು ಒಬ್ಬೊಬ್ಬರನ್ನಾಗಿ ಎಣಿಸಿದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು: “ಏನ್ ಮಿಸ್, ಇವರೆಲ್ಲ ಮಗು ನೋಡಕ್ ಬಂದೋರಾ, ಕೊಟ್ಟಿಗೆಗೆ ಮುತ್ತಿಗೆ ಹಾಕಕ್ ಬಂದೋರಾ?”

ಕೆಳಗೆ ಆಂಟಿ ಕಾಯುತ್ತಿದ್ದರು. “ಕಲಿತ್ರೇನಮ್ಮ?” “ಕಲಿತ್ರು ಆಂಟಿ.” ತಾಯಂದಿರು ಕಲಿತಿದ್ದರು, ಸುಳ್ಳೇನಲ್ಲ.

ಬಲಮುರಿ

ಗೌರಿ ಗಣೇಶ ಹಬ್ಬಕ್ಕೆ ಮುಂಚಿನ ಭಾನುವಾರ ‘ನಿಮ್ಮ ಗಣಪತಿ ನೀವೇ ಮಾಡಿ’ ಎಂದು ಹಾಕಿದೆ. ಹಾಲ್ ತುಂಬಿ ಮೆಟ್ಟಿಲ ಮೇಲೂ ಜನ. ಜುಂಬಾ ಹುಡುಗ ಬಂದು ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಹೋದ. ನಾನು ಗೆದ್ದೆ ಎಂದುಕೊಂಡೆ.

ಸರಿಯಾಗದಿದ್ದರೆ ಚಿಂತೆಯಿಲ್ಲ, ಕಲಸಿ ಮತ್ತೆ ಮಾಡಬಹುದು, ಮಣ್ಣಿನ ಗುಣವೇ ಅದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಹೆಂಗಸು ಎದ್ದು, ವಿಘ್ನ ಬಾರದಿರಲೆಂದು ಎಲ್ಲರ ಮಣ್ಣಿನ ಉಂಡೆಗೂ ಅರಿಸಿನ ಕುಂಕುಮ ಹಚ್ಚಿಕೊಂಡು ಬಂದುಬಿಟ್ಟರು. ಅಲ್ಲಿಗೆ ಅದು ಮಣ್ಣಾಗಿ ಉಳಿಯಲಿಲ್ಲ.

ಸಂಜೆಯ ಹೊತ್ತಿಗೆ ಕೆಲವರ ಗಣಪತಿಗೆ ಹೊಟ್ಟೆ ಬಿರಿದಿತ್ತು, ಕೆಲವರದಕ್ಕೆ ಕಿವಿ ಬಿದ್ದಿತ್ತು.

“ಭಿನ್ನ ಆಗೋಯ್ತು. ಮನೇಲಿ ಇಡಂಗಿಲ್ಲ ಮೇಡಂ.”

“ಹಾಗಾದ್ರೆ ಕಲಸಿಬಿಡಿ.”

“ಅಯ್ಯೋ, ಗಣಪತೀನ ಕಲಸೋದಾ!”

“ನೀರಿಗೆ ಬಿಡಿ.”

“ಪೂಜೆ ಆಗ್ದೆ ಹೆಂಗ್ ಬಿಡ್ತಾರೆ?”

“ಪೂಜೆ ಮಾಡಿ.”

“ಭಿನ್ನ ಆಗಿದ್ದಕ್ಕೆ ಹೆಂಗ್ ಪೂಜೆ ಮಾಡ್ತಾರೆ?”

ಇಂಥ ತರ್ಕವನ್ನು ವಿಶ್ವವಿದ್ಯಾಲಯದಲ್ಲೂ ಕೇಳಿರಲಿಲ್ಲ. ಎಲ್ಲರೂ ತಂತಮ್ಮದನ್ನು ನನ್ನ ಹಾಲಿನಲ್ಲೇ ಬಿಟ್ಟು, ಹೋಗುವ ದಾರಿಯಲ್ಲಿ ಬಣ್ಣದ ಗಣಪತಿ ಕೊಂಡುಕೊಂಡು ಮನೆಗೆ ಹೋದರು.

ಬಿರಿಯದೆ ಮುರಿಯದೆ ಉಳಿದದ್ದು ಒಂದೇ. ಬ್ಯಾಂಕಿನವರೊಬ್ಬರು ನೀರು ಜಾಸ್ತಿ ಹಾಕಿ ಮಾಡಿದ್ದು. ಅದರ ಸೊಂಡಿಲು ಜಾರಿ ಬಲಕ್ಕೆ ಹೋಗಿ ಕೂತಿತ್ತು. ಅವರ ಹೆಂಡತಿ ಅದನ್ನು ನೋಡಿ ಹಿಂದಕ್ಕೆ ಸರಿದರು. “ಬಲಮುರಿ ಗಣಪತಿ ರೀ ಇದು! ಶಕ್ತಿ ಜಾಸ್ತಿ, ಮಡಿ ಜಾಸ್ತಿ. ಫ್ಲ್ಯಾಟ್‌ನಲ್ಲಿ ನಮ್ ಕೈಲಾಗಲ್ಲ, ಇಲ್ಲೇ ಬಿಡಿ.” ಬಿಟ್ಟರು.

ಎಲ್ಲರೂ ಹೋದ ಮೇಲೆ ಬಾಗಿಲು ಮುಚ್ಚಿ ಕಲಸಲು ಕೂತೆ. ನನ್ನ ಹೆಬ್ಬೆರಳು ಬಲಮುರಿಯ ಕುತ್ತಿಗೆಯ ಮೇಲಿರುವಾಗ ಆಂಟಿ ಬಾಗಿಲು ತೆರೆದರು.

“ಏನ್ ಮಾಡ್ತಾ ಇದೀಯಮ್ಮ ನೀನು!”

ಕೈ ತೆಗೆದೆ. ಅವರು ಹತ್ತಿರ ಬಂದು ನೋಡಿದರು. ಕೆನ್ನೆ ಬಡಿದುಕೊಂಡರು.

“ಬಲಮುರಿ! ತಾನಾಗೇ ತಿರುಗಿದಾನಲ್ಲೇ!”

“ನೀರು ಜಾಸ್ತಿ ಆಗಿದೆ ಆಂಟಿ, ಅದಕ್ಕೆ ಜಾರಿದೆ.”

“ಎಡಕ್ಕೆ ಯಾಕೆ ಜಾರ್ಲಿಲ್ಲ?”

“ಮೇಜಿನ ಬಲಗಾಲು ಗಿಡ್ಡ.”

“ಆ ಮೇಜು ಅಲ್ಲಿ ಯಾರು ಹಾಕಿದ್ದು?”

“ನಾನೇ.”

“ನಿನ್ ಕೈಲಿ ಹಾಕ್ಸಿದ್ ಯಾರು?”

ಆಂಟಿ ಕೆಳಗೆ ಹೋಗಿ ದೀಪ ತಂದರು.

ಹಬ್ಬದ ದಿನ ಬೀದಿಯವರು ಬಂದರು. ಆಮೇಲೆ ಪಕ್ಕದ ಬೀದಿಯವರು. ಬಂದು ಬೇಡಿಕೊಂಡ ಯಾರದೋ ಮಗಳಿಗೆ ಗಂಡು ಕುದುರಿತು. ಕೆಸರೆಯಿಂದ ಆಟೊದಲ್ಲಿ ಜನ ಬರತೊಡಗಿದರು. ಮೇಜನ್ನು ಅಲುಗಿಸಬಾರದೆಂದು ಆಂಟಿ ಸುತ್ತ ಹಗ್ಗ ಕಟ್ಟಿಸಿದರು. ನಾನು ಭಾನುವಾರ ಚೀಲ ಹಿಡಿದು ಹೋದರೆ ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ. ನನ್ನ ತಿಗರಿಯ ಮೇಲೆ ಯಾರೋ ಬಾಳೆಹಣ್ಣು ಇಟ್ಟಿದ್ದರು.

ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, ಕೈ ಹಿಡಿದುಕೊಂಡರು.

“ಹಾಲ್ ಖಾಲಿ ಮಾಡ್ಬುಡಮ್ಮ. ದೇವ್ರ ಮುಂದೆ ಕೆಸರು ಗಿಸರು ಬೇಡ.”

“ಆಂಟಿ, ನಂಗೆ ಬೇರೆ ಎಲ್ಲೂ ಜಾಗ ಕೊಡಲ್ಲ. ನಿಮಗೇ ಗೊತ್ತು.”

“ಅದಕ್ಕ್ಯಾಕೆ ಅಷ್ಟೊಂದು ಯೋಚ್ನೆ ಮಾಡ್ತೀಯ? ಹೋಗಿ ಅವನ ಮುಂದೆ ನಿಂತು ಮನಸ್ಸಿಟ್ಟು ಕೇಳ್ಕೊ. ಭಾರಿ ಶಕ್ತಿ ಕಣಮ್ಮ ಅವನಿಗೆ. ನೋಡು, ಬಂದು ಇನ್ನೂ ತಿಂಗಳಾಗಿಲ್ಲ, ಎಂಥಾ ಹಾಲ್ ಹೊಡ್ಕೊಂಡ!”