ಗಂಡನ ಫೋನಿಗೆ ಅತ್ತೆಯ ಸಹಿ

ಟಿವಿಯಲ್ಲಿ ಯಾವ ದೇಶದ ಕಾನೂನು ಬಂದರೂ ಸರಿ, ವಾರ್ತೆ ಮುಗಿಯುವುದರೊಳಗೆ ಅದು ಗಲ್ಫಿನ ಉಮ್ ಅಲ್ ಹಸ್ಸಮ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಜಾರಿಗೆ ಬಂದಿರುತ್ತದೆ.

೧. ಹೊಸ ಮಂತ್ರಿ

ಅದ್ಯಾವುದೋ ದೇಶದಲ್ಲಿ ಗುಪ್ತಚರರು ಯಾರದಾದರೂ ಫೋನ್ ಕದ್ದು ಕೇಳಬೇಕಾದರೆ ಮಂತ್ರಿಯ ಸಹಿ ಬೇಕಂತೆ. ಹೊರದೇಶದ ಸಂಬಂಧ ಕೆಡುವ ಹಾಗಿದ್ದರೆ ವಿದೇಶಾಂಗ ಮಂತ್ರಿಯನ್ನೂ ಕೇಳಬೇಕಂತೆ.

"ಕೇಳಿದೆಯಾ? ಗುಪ್ತಚರರಿಗೂ ಸಹಿ ಬೇಕು. ನೀನು ಮಾತ್ರ ನಾನು ಸ್ನಾನಕ್ಕೆ ಹೋದ ಕೂಡಲೇ ನನ್ನ ಫೋನ್ ತೆಗೀತಿ," ಎಂದರು ಗಂಡ.

"ಆಯ್ತು ಮಾರಾಯ್ರೆ, ಯಾರ ಸಹಿ ಬೇಕು?"

"ಅಮ್ಮನದ್ದು."

ಉಡುಪಿಯಲ್ಲಿ ಕೂತ ಅತ್ತೆ ಎರಡೂ ಖಾತೆಯ ಮಂತ್ರಿಯಾದರು. ವಿಡಿಯೋ ಕಾಲ್‌ನಲ್ಲೇ ಪ್ರಮಾಣವಚನ, ಕೈಯಲ್ಲಿ ಸಾರಿನ ಸೌಟು.

೨. ಕೆಂಪು ಹೃದಯ

ನಮ್ಮ ಎದುರು ಮನೆಯವಳು ಫಿಲಿಪಿನ್ಸಿನವಳು. ನಾನು ಪಾರ್ಲರಿನ ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳುವುದು ಅವಳೇ. ಅವಳಿಗೆ ಸೊಂಟ ಇದೆ. ನನ್ನದು ಹೆರಿಗೆ ಆಸ್ಪತ್ರೆಯಲ್ಲೇ ಉಳಿಯಿತು. ಒಂದು ದಿನ ಗಂಡನ ಫೋನ್ ಮಿನುಗಿತು: ಅವಳ ಹೆಸರು, ಪಕ್ಕದಲ್ಲಿ ಕೆಂಪು ಹೃದಯ. ಕೂಡಲೇ ಅತ್ತೆಗೆ ಕಾಲ್ ಮಾಡಿದೆ.

"ಕಾರಣ ಎಂತ?"

"ಹೃದಯ ಕಳಿಸಿದ್ದಾಳೆ ಅತ್ತೆ."

"ಎಷ್ಟು?"

"ಒಂದು."

"ಒಂದಕ್ಕೆಲ್ಲ ಸಹಿ ಕೊಡ್ಲಿಕ್ಕೆ ಆಗುದಿಲ್ಲ. ಅವಳು ಸಿಟ್ಟಾದ್ರೆ ನಾಳೆ ಮಗುವನ್ನು ನೋಡುವವರು ಯಾರು? ನಾನು ವೀಸಾ ಮಾಡಿ ಬರ್ಬೇಕಾ?"

ಮರುದಿನ ಮೂರು ಹೃದಯ ಬಂತು, ಸಹಿ ಸಿಕ್ಕಿತು. ತೆರೆದು ನೋಡಿದರೆ ಬರೀ ಮಗಳ ಫೋಟೋ. ನನ್ನ ಕೈಯಿಂದ ಒಂದು ತುತ್ತೂ ನುಂಗದವಳು ಅವಳ ಕೈಯಿಂದ ನಗುತ್ತಾ ಬೀನ್ಸ್ ತಿನ್ನುತ್ತಿದ್ದಾಳೆ! ಗಂಡನನ್ನು ಹಾರಿಸಿಕೊಂಡು ಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

೩. ಅತ್ತೆಯ ಅರ್ಜಿ

ಆಮೇಲೆ ಹೊಟ್ಟೆಕಿಚ್ಚು ಮಂತ್ರಿಗೇ ಹತ್ತಿಕೊಂಡಿತು.

"ನಿನ್ನ ಅಮ್ಮನ ಜೊತೆ ದಿನಾ ಒಂದು ಗಂಟೆ, ನನ್ನ ಜೊತೆ ಎರಡು ನಿಮಿಷ. ಅಷ್ಟು ಎಂತ ಮಾತು? ನಿನ್ನ ಫೋನೂ ನೋಡ್ಬೇಕು."

ಅಮ್ಮನಿಗೂ ನನಗೂ ನಡುವೆ ಓಡಾಡಿದ ವಾಯ್ಸ್ ಮೆಸೇಜುಗಳಲ್ಲಿ ಅತ್ತೆಯನ್ನು ಬಿಟ್ಟರೆ ಬೇರೆ ವಿಷಯವೇ ಇಲ್ಲ.

"ಇದು ಎರಡು ಮನೆಯ ಸಂಬಂಧದ ಪ್ರಶ್ನೆ ಅತ್ತೆ. ನಮ್ಮ ಅಮ್ಮನ ಸಹಿಯೂ ಬೇಕು," ಎಂದೆ. ಅಮ್ಮ ಒಪ್ಪುವುದಿಲ್ಲ ಎಂಬ ಧೈರ್ಯ ನನಗೆ.

ಗಂಡ ಅದೇ ಕಾಲ್‌ಗೆ ಅಮ್ಮನನ್ನೂ ಸೇರಿಸಿದರು. ಬೀಗಿತ್ತಿಯ ಮುಂದೆ ದೊಡ್ಡಸ್ತಿಕೆ ತೋರಿಸುವುದೆಂದರೆ ಅಮ್ಮನಿಗೆ ಎಲ್ಲಿಲ್ಲದ ಉತ್ಸಾಹ. "ನಮ್ಮಲ್ಲಿ ಮುಚ್ಚಿಡ್ಲಿಕ್ಕೆ ಎಂತ ಇದೆ ಅಕ್ಕ? ಧಾರಾಳ ಕೇಳಿ!"

ಗಂಡ ನನ್ನ ಫೋನಿನಲ್ಲಿ ಮೊದಲು ಸಿಕ್ಕಿದ್ದನ್ನೇ ಒತ್ತಿದರು. ಅಮ್ಮನದೇ ದನಿ: "ಆ ಮುದುಕಿಯದ್ದು ಇವತ್ತು ಎಂತ ರಗಳೆ ಮಗಾ?"