ಅಲಬಾಮಾ, ಒಕ್ಲಹೋಮಾ ಮತ್ತು ಮಹಾಲಿಂಗನ ರಜೆ

ಗುರುವಾರ ಬೆಳಿಗ್ಗೆ ಮಹಾಲಿಂಗನ ಮನೆಯ ವಾಷಿಂಗ್ ಮೆಷಿನ್ ಅವನ ಆಫೀಸು ಅಂಗಿಗಳನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು ಬಾಯಿ ಮುಚ್ಚಿಬಿಟ್ಟಿತು. ಅವನು ಬಾಗಿಲು ಜಗ್ಗಿದ, ಬಡಿದ, ಕೊನೆಗೆ ಕಿವಿಯಿಟ್ಟು ಆಲಿಸಿದ. ಒಳಗೆ ನೀರು ಗುಳುಗುಳು ಎನ್ನುತ್ತಿತ್ತೇ ಹೊರತು ಬಾಗಿಲು ತೆರೆಯುವ ಲಕ್ಷಣ ಕಾಣಲಿಲ್ಲ.

“ಅದರ ಹತ್ರ ಗುಟ್ಟು ಮಾತಾಡ್ತಾ ಕೂತ್ರೆ ನಿಮ್ಮ ಬಸ್ಸು ಹೋಗ್ತದೆ,” ಎಂದಳು ಪಂಕಜಾ. “ಆ ಕೆಂಪು ಟೀ ಶರ್ಟ್ ಹಾಕ್ಕೊಳ್ಳಿ. ಹುಸೈನಣ್ಣನ ಅಂಗಡಿಯಿಂದ ತಂದು ಎಷ್ಟು ಸಮಯ ಆಯ್ತು, ಒಂದು ದಿನ ಆದ್ರೂ ಮೈಗೆ ಹಾಕಿದ್ದೀರಾ?”

ಟೀ ಶರ್ಟ್ ಕಡುಗೆಂಪು. ಎದೆಯ ಮೇಲೆ ಇಂಗ್ಲಿಷಿನ ‘ಎ’ ಅಕ್ಷರ, ನಾಲ್ಕು ಮೈಲಿ ದೂರದಿಂದ ಕಾಣುವ ಹಾಗೆ. ಅಕ್ಷರಾಭ್ಯಾಸಕ್ಕೆ ಹೊರಟ ಮಗುವಿನಂತೆ ಅದನ್ನು ತೊಟ್ಟುಕೊಂಡು ಮಹಾಲಿಂಗ ಬಾಗಿಲಿಗೆ ಬಂದ.

“ಮತ್ತೆ ಕೇಳಿ, ಇವತ್ತು ರಜೆಯ ವಿಷಯ ಇತ್ಯರ್ಥ ಮಾಡಿಕೊಂಡೇ ಬರ್ಬೇಕು,” ಎಂದಳು ಪಂಕಜಾ. “ತಮ್ಮನ ಮದುವೆ ಡಿಸೆಂಬರಿನಲ್ಲಿ. ಇರುವುದು ಒಬ್ಬನೇ ತಮ್ಮ. ಅವನ ಗೃಹಪ್ರವೇಶಕ್ಕೂ ನೀವು ಬರ್ಲಿಲ್ಲ. ಈಗ ಮದುವೆಗೂ ಇಲ್ಲ ಅಂದ್ರೆ ಉಪ್ಪಿನಂಗಡಿಯಲ್ಲಿ ಗಂಡ ಅನ್ನುವವನೇ ನಾನು ಕಟ್ಟಿದ ಕತೆ ಅಂತ ಹೇಳ್ತಾರೆ.”

ಮಹಾಲಿಂಗ ಪುತ್ತೂರಿನವನು. ಸೌದಿಯ ಅಲ್ ಖರ್ಜ್‌ನ ದೊಡ್ಡ ಡೈರಿಯೊಂದರಲ್ಲಿ ಹಾಲಿನ ಲಾರಿಗಳನ್ನು ರಿಯಾದಿಗೆ ಕಳಿಸುವ ವಿಭಾಗದ ಸೂಪರ್‌ವೈಸರ್. ಮರಳುಗಾಡಿನ ನಡುವೆ ಹಸುಗಳು ಫ್ಯಾನಿನ ಗಾಳಿಯಲ್ಲಿ, ನೀರಿನ ತುಂತುರಿನಡಿ ಸುಖವಾಗಿದ್ದವು. ಅವುಗಳ ಹಾಲನ್ನು ಕಾಯುವ ಮಹಾಲಿಂಗನಿಗೆ ಮಾತ್ರ ನಾಲ್ಕು ದಿನ ರಜೆ ಸಿಗುವುದು ದುಸ್ತರವಾಗಿತ್ತು. ಉತ್ಪಾದನೆಯ ಮುಖ್ಯಸ್ಥ ಕಾರ್ಟರ್ ಅವನನ್ನು ಬಿಟ್ಟುಕೊಡಬೇಕು. ಹಣಕಾಸಿನ ಮುಖ್ಯಸ್ಥ ಡಾಸನ್ ವಿಮಾನದ ಟಿಕೆಟ್ಟಿಗೆ ಒಪ್ಪಬೇಕು. ಇಬ್ಬರೂ ಅಮೆರಿಕದವರು, ಇಬ್ಬರೂ ಅವನನ್ನು ಕಂಡಾಗಲೆಲ್ಲ “ನೋಡೋಣ” ಎಂದು ನಗುತ್ತಿದ್ದರು.

ಅವತ್ತು ಲಾರಿಗಳ ಸಾಲಿನ ಎದುರು ಕಾರ್ಟರ್ ಅವನನ್ನು ಕಂಡವನೇ ಗಕ್ಕನೆ ನಿಂತ. ಕಣ್ಣು ಟೀ ಶರ್ಟಿನ ಮೇಲೆ ನೆಟ್ಟಿತು. ಎರಡೂ ಕೈ ಮೇಲೆತ್ತಿ, ಲಾರಿ ಡ್ರೈವರುಗಳೆಲ್ಲ ತಿರುಗಿ ನೋಡುವಂತೆ ಕೂಗಿದ:

“ರೋಲ್ ಟೈಡ್!”

ಮಹಾಲಿಂಗನಿಗೆ ತಿಳಿದಿದ್ದ ಟೈಡ್ ಒಂದೇ, ಬಟ್ಟೆ ಒಗೆಯುವ ಪುಡಿ. ಸಾಹೇಬ ಅಂಗಿಯ ಹೊಳಪು ನೋಡಿ ಮೆಚ್ಚಿದ್ದಾನೆ ಎಂದುಕೊಂಡ.

“ಯೆಸ್ ಸರ್,” ಎಂದ ವಿನಯದಿಂದ. “ನಮ್ಮ ಮನೆಯಲ್ಲಿ ಯಾವಾಗಲೂ ಟೈಡೇ. ಬೇರೆ ಯಾವುದನ್ನೂ ನನ್ನ ಹೆಂಡತಿ ಒಳಗೆ ಬಿಡುವುದಿಲ್ಲ.”

ಕಾರ್ಟರನ ಕಣ್ಣಲ್ಲಿ ನೀರು ತುಂಬಿತು. ಮಹಾಲಿಂಗನ ಭುಜ ಹಿಡಿದು ಕುಲುಕಿದ. “ಮಹಾ! ಇಷ್ಟು ವರ್ಷ ನನ್ನ ಪಕ್ಕದಲ್ಲೇ ಇದ್ದೆಯಲ್ಲ! ಹೆಂಡತಿಯೂ ನಮ್ಮವಳೇ! ಸಂಜೆ ನನ್ನ ಮನೆಗೆ ಬಾ. ಡಾಸನ್ ಬರುತ್ತಾನೆ. ಕಾಲೇಜ್ ಫುಟ್‌ಬಾಲಿನ ಅತಿ ದೊಡ್ಡ ಡೈನಾಸ್ಟಿ ಯಾವುದು ಅಂತ ಇವತ್ತು ತೀರ್ಮಾನ ಆಗಲೇಬೇಕು. ಅವನ ಎದುರು ನೀನು ನಮ್ಮ ಪರ ಮಾತಾಡು, ಆಮೇಲೆ ನಿನ್ನ ರಜೆ ನನ್ನ ಜವಾಬ್ದಾರಿ.”

ರಜೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಹಾಲಿಂಗ ಮೂರು ಸಲ ತಲೆಯಾಡಿಸಿದ. ಯಾವುದಕ್ಕೆ ತಲೆಯಾಡಿಸಿದೆ ಎಂದು ತಿಳಿಯಲು ಕ್ಯಾಂಟೀನಿಗೆ ಓಡಿದ.

ಅಲ್ಲಿ ಆದರ್ಶ ಇದ್ದ. ಮೈಸೂರಿನವನು, ಹಾಲು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಹಾಲಿನ ಬಗ್ಗೆ ಕೇಳಿದರೆ ಮಾತ್ರ ಹಿಂದೆ ಮುಂದೆ ನೋಡುತ್ತಿದ್ದ, ಉಳಿದ ಯಾವ ವಿಷಯಕ್ಕೂ ಅವನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು.

“ಅಯ್ಯೋ ಸಾರ್, ಅದು ಅಲಬಾಮಾ ಯೂನಿವರ್ಸಿಟಿ ಟೀಮಿನ ಟೀ ಶರ್ಟು!” ಎಂದ ಆದರ್ಶ, ಫೋನು ತೆಗೆದು. “ರೋಲ್ ಟೈಡ್ ಅಂದ್ರೆ ಅವರ ಜೈಕಾರ. ನೋಡಿ, ಆಟ ಹೀಗಿರುತ್ತೆ.”

ಮಹಾಲಿಂಗ ಬಗ್ಗಿ ನೋಡಿದ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಟಿಕೊಂಡ ದಾಂಡಿಗರು ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥದ್ದೊಂದನ್ನು ಕಂಕುಳಲ್ಲಿ ಅವಚಿಕೊಂಡು ಓಡುತ್ತಿದ್ದರು. ಹಿಂದಿನಿಂದ ಹತ್ತು ಜನ ಬಂದು ಮೇಲೆ ಬೀಳುತ್ತಿದ್ದರು.

“ಇದು ಫುಟ್‌ಬಾಲಾ ಮಾರಾಯ? ಕಾಲು ಎಲ್ಲಿ ತಾಗ್ತದೆ ಇದರಲ್ಲಿ?”

“ಅದನ್ನೆಲ್ಲ ಕೇಳ್ಬಾರ್ದು ಸಾರ್.”

“ಮತ್ತೆ ಡೈನಾಸ್ಟಿ ಅಂದ್ರೆ ಎಂತದು? ಕದಂಬರು, ಹೊಯ್ಸಳರು ಅಂತ ಓದಿದ್ದೇನೆ. ಕಾಲೇಜು ಮಕ್ಕಳಿಗೆ ಎಲ್ಲಿಂದ ಬಂತು ರಾಜವಂಶ?”

“ವರ್ಷಗಟ್ಟಲೆ ಯಾರೂ ಸೋಲಿಸಕ್ಕಾಗದೆ ಆಳಿದ ಟೀಮು ಅಂತ ಅರ್ಥ. ಅಲಬಾಮಾದವರು ಹನ್ನೆರಡು ವರ್ಷದಲ್ಲಿ ಆರು ಸಲ ಚಾಂಪಿಯನ್. ಡಾಸನ್ ಸಾಹೇಬ್ರು ಒಕ್ಲಹೋಮಾ ಕಡೆಯವರು. ಹಳೇ ಕಾಲದಲ್ಲಿ ಅವರು ಸತತ ನಲವತ್ತೇಳು ಪಂದ್ಯ ಗೆದ್ದಿದ್ರು. ನೀವು ಆರು ಅನ್ನಿ, ಅವರು ನಲವತ್ತೇಳು ಅಂತಾರೆ. ಅಷ್ಟೇ ಜಗಳ. ಬಾಯಿಪಾಠ ಮಾಡ್ಕೊಳ್ಳಿ ಸಾರ್.”

ಮಹಾಲಿಂಗ “ಆರು, ಆರು” ಎಂದು ಜಪಿಸುತ್ತ ಸೀಟಿಗೆ ಬಂದ. ಅಷ್ಟರಲ್ಲಿ ಡಾಸನ್ ಕರೆಕಳಿಸಿದ. ಡಾಸನ್ ಒಣಕಲು ಮನುಷ್ಯ. ಟೀ ಶರ್ಟನ್ನು ಮೇಲಿನಿಂದ ಕೆಳಗೆ ನೋಡಿ, ಹುಳಿ ಮಜ್ಜಿಗೆ ಕುಡಿದವನಂತೆ ಮುಖ ಮಾಡಿದ.

“ನೀನು ಅಲಬಾಮಾದವನಂತೆ. ಒಳ್ಳೆಯದು. ನಿನ್ನ ವಿಮಾನದ ಟಿಕೆಟನ್ನೂ ಅಲಬಾಮಾದಿಂದಲೇ ತರಿಸಿಕೋ. ಸಂಜೆ ನೀನು ಮಾತಾಡುವುದನ್ನು ಕೇಳಲು ಕಾದಿದ್ದೇನೆ.”

ಮಹಾಲಿಂಗ ಹೊರಗೆ ಬಂದು ಲೆಕ್ಕ ಹಾಕಿದ. ಕಾರ್ಟರನ ಪರ ಮಾತಾಡಿದರೆ ಟಿಕೆಟ್ ಇಲ್ಲ, ಡಾಸನ್ನನ ಪರ ಮಾತಾಡಿದರೆ ರಜೆಯೇ ಇಲ್ಲ, ಸುಮ್ಮನಿದ್ದರೆ ಎರಡೂ ಇಲ್ಲ. ಸಂಜೆ ಬಸ್ಸಿಳಿದವನು ಮನೆಗೆ ಹೋಗಲು ಧೈರ್ಯ ಸಾಲದೆ, ವಸತಿಯ ಗೇಟಿನ ಹತ್ತಿರದ ಹುಸೈನನ ಅಂಗಡಿಗೆ ಹೋದ. ಆದರ್ಶ ಕರೆಯದೆಯೇ ಜೊತೆಗೆ ಬಂದ.

ಹುಸೈನ ಭಟ್ಕಳದವನು. ಅಂಗಡಿಯಲ್ಲಿ ಬೆಂಡೆಕಾಯಿಯಿಂದ ಹಿಡಿದು ಬೂಟಿನವರೆಗೆ ಎಲ್ಲ ಮಾರುತ್ತಿದ್ದ. ಸಲಹೆ ಮಾತ್ರ ಬಿಟ್ಟಿ.

“ನಿಮ್ಮ ಟೀ ಶರ್ಟ್ ನನ್ನನ್ನು ಕೊಂದಿತು ಹುಸೈನಣ್ಣ!” ಎಂದ ಮಹಾಲಿಂಗ.

“ಬಣ್ಣ ಹೋಯ್ತಾ?”

“ಬಣ್ಣ ಅಲ್ಲ, ನನ್ನ ಪ್ರಾಣ.” ಮಹಾಲಿಂಗ ನಡೆದದ್ದೆಲ್ಲ ಹೇಳಿದ.

ಹುಸೈನ ಈರುಳ್ಳಿ ತೂಗುತ್ತಲೇ ಯೋಚಿಸಿದ. “ನೋಡಿ ಮಹಾಲಿಂಗಣ್ಣ, ನಮ್ಮ ಬಜಾರಿನಲ್ಲಿ ಎರಡು ಅಂಗಡಿಯವರು ಜಗಳ ಆಡ್ತಿದ್ರೆ ನಾವೆಂತ ಮಾಡ್ತೇವೆ ಗೊತ್ತುಂಟಾ? ಮೂರನೇ ಅಂಗಡಿಯವನ ಸುದ್ದಿ ತೆಗೀತೇವೆ. ಇಬ್ಬರೂ ಸೇರಿ ಅವನಿಗೆ ಬೈತಾರೆ, ಒಟ್ಟಿಗೆ ಚಾ ಕುಡೀತಾರೆ. ಈ ಇಬ್ಬರಿಗೂ ಆಗದ ಮೂರನೆಯವ ಒಬ್ಬ ಇರ್ಬೇಕಲ್ಲ? ಯಲ್ಲಾ, ಬೇಗ ಹುಡುಕಿ.”

ಆದರ್ಶನ ಬೆರಳು ಫೋನಿನ ಮೇಲೆ ಕುಣಿಯಿತು. “ಟೆಕ್ಸಸ್ ಸಾರ್! ಟೆಕ್ಸಸ್ ಯೂನಿವರ್ಸಿಟಿ! ಒಕ್ಲಹೋಮಾದವರಿಗೂ ಅವರಿಗೂ ಹಾವು ಮುಂಗುಸಿ. ಈಚೆಗೆ ಅಲಬಾಮಾದವರನ್ನ ಅವರ ಊರಲ್ಲೇ ಸೋಲಿಸಿ ಬಂದಿದಾರೆ, ಅವರಿಗೂ ಹೊಟ್ಟೆ ಉರೀತಿರುತ್ತೆ. ಉದ್ದ ಕೊಂಬಿನ ಎತ್ತು ಅವರ ಗುರುತು.”

“ಎತ್ತಾ?” ಎಂದ ಮಹಾಲಿಂಗ. ಬೆಳಗಿನಿಂದ ಮೊದಲ ಸಲ ಅವನಿಗೆ ತಿಳಿದ ವಿಷಯವೊಂದು ಸಿಕ್ಕಿತ್ತು.

ಕಾರ್ಟರನ ಮನೆಯ ಅಂಗಳದಲ್ಲಿ ಒಲೆ ಹೊತ್ತಿಸಿ ಮಾಂಸ ಸುಡುತ್ತಿದ್ದರು. ಸಸ್ಯಾಹಾರಿ ಮಹಾಲಿಂಗನಿಗೆ ಒಂದು ತಟ್ಟೆ ಸೌತೆಕಾಯಿ ಸಿಕ್ಕಿತು. ಅವನ ಪಕ್ಕದ ಕುರ್ಚಿಯಲ್ಲಿ ಬಿಳಿಯ ನಿಲುವಂಗಿ ತೊಟ್ಟ ಉಸಾಮಾ ಕೂತಿದ್ದ. ಸೌದಿಯವನು, ಸಿಬ್ಬಂದಿ ವಿಭಾಗದ ಹೊಸ ಮುಖ್ಯಸ್ಥ. ರಿಯಾದಿನ ಕಚೇರಿಯಿಂದ ಬಂದು ಇನ್ನೂ ಎರಡು ವಾರವೂ ಆಗಿರಲಿಲ್ಲ. ದೇಶ ಬಿಟ್ಟು ಹೋಗಿ ಮರಳಿ ಬರುವ ಪರವಾನಗಿ ಕೊಡುವವನು ಅವನೇ ಎಂದು ಮಹಾಲಿಂಗನಿಗೆ ಗೊತ್ತಿತ್ತು. ಆದರೆ ಅದು ಕೊನೆಯ ಮುದ್ರೆ. ಮೊದಲು ಎದುರಿಗಿದ್ದ ಎರಡು ಹುಲಿಗಳನ್ನು ದಾಟಬೇಕಿತ್ತು.

ಹುಲಿಗಳು ಆಗಲೇ ಗರ್ಜಿಸುತ್ತಿದ್ದವು. ಕಾರ್ಟರ್ ಮೇಜಿನ ಮೇಲೆ ಆರು ಉಪ್ಪಿನ ಡಬ್ಬಿಗಳನ್ನು ಸಾಲಾಗಿಟ್ಟು “ಇವು ನಮ್ಮ ಕಪ್ಪುಗಳು” ಎಂದ. ಡಾಸನ್ ಆಲಿವ್ ಕಾಯಿಗಳನ್ನು ಒಂದೊಂದಾಗಿ ಎಣಿಸಿಡುತ್ತ ನಲವತ್ತೇಳರತ್ತ ಹೊರಟಿದ್ದ. ಮೂವತ್ತಕ್ಕೆ ಬರುವಷ್ಟರಲ್ಲಿ ಕಾರ್ಟರ್ ಎರಡನ್ನು ಬಾಯಿಗೆ ಹಾಕಿಕೊಂಡ. ಡಾಸನ್ ಮೇಜು ಗುದ್ದಿದ. ಕಪ್ಪುಗಳೆಲ್ಲ ಅಡ್ಡಬಿದ್ದವು.

“ನಿಮಗೆ ಬೇಸರವಾಗುತ್ತಿರಬೇಕು ಸರ್,” ಎಂದು ಮಹಾಲಿಂಗ ಉಸಾಮಾನ ಕಿವಿಯಲ್ಲಿ ಪಿಸುಗುಟ್ಟಿದ.

“ಇಲ್ಲ ಇಲ್ಲ, ಚೆನ್ನಾಗಿದೆ,” ಎಂದು ಉಸಾಮಾ ಕಾಫಿ ಹೀರಿದ.

“ಮಹಾ! ನೀನು ಹೇಳು!” ಎಂದು ಕಾರ್ಟರ್ ಕೂಗಿದ.

ಮಹಾಲಿಂಗ ಎದ್ದು ನಿಂತ. “ಅಲಬಾಮಾ ಅಂದರೆ ಸಾಮಾನ್ಯವೇ?” ಎಂದು ಆರಂಭಿಸಿದ. “ಸತತ ನಲವತ್ತೇಳು ಪಂದ್ಯ ಗೆದ್ದವರು...”

“ಅದು ನಮ್ಮದು!” ಡಾಸನ್ ಆಕಾಶಕ್ಕೆ ಹಾರಿದ. “ಕಳ್ಳರು! ಆಲಿವ್ ತಿಂದದ್ದು ಸಾಲದೆ ಪಂದ್ಯವನ್ನೂ ತಿಂದರು!” ಕಾರ್ಟರನ ಕೈಯಲ್ಲಿದ್ದ ಮಾಂಸದ ತುಂಡು ಜಾರಿ ಮರಳಿಗೆ ಬಿತ್ತು.

ಇನ್ನು ಮುಳುಗಿದೆ ಎಂದು ತಿಳಿದಾಗ ಮಹಾಲಿಂಗನೊಳಗೆ ಏನೋ ಎದ್ದಿತು. ಊರಿನಲ್ಲಿ ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳಿದವನು. ಎದುರಾಳಿ ಎಷ್ಟೇ ದೊಡ್ಡವನಾಗಲಿ, ಮಾತು ತಿರುಗಿಸುವುದು ಗೊತ್ತಿತ್ತು. ಬಲಗೈ ಎತ್ತಿ, ಎದೆಯುಬ್ಬಿಸಿ, ಇಂಗ್ಲಿಷಿನಲ್ಲೇ ಅರ್ಥ ಹೇಳಲು ತೊಡಗಿದ.

“ನಿಲ್ಲಿ ಮಹನೀಯರೇ! ನೀವಿಬ್ಬರೂ ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದೀರಿ. ಹಿಂದಿನ ಬಾಗಿಲಿನಿಂದ ನುಗ್ಗುತ್ತಿರುವವನು ಯಾರು, ನೋಡಿದ್ದೀರಾ? ಟೆಕ್ಸಸ್!”

ಇಬ್ಬರೂ ಒಟ್ಟಿಗೆ “ಥೂ!” ಎಂದರು. ಆ ಥೂ ಮಹಾಲಿಂಗನ ಕಿವಿಗೆ ಚೆಂಡೆಯ ಪೆಟ್ಟಿನಂತೆ ಕೇಳಿತು. ಅವನು ಏರಿದ.

“ಲಕ್ಷ ಜನರ ಸ್ಟೇಡಿಯಮ್ಮು, ಹತ್ತು ಲಕ್ಷ ಜನರ ಬಾಯಿ! ಅವರ ಲಾಂಛನ ಯಾವುದು? ಎತ್ತು! ಸ್ವಾಮಿ, ನಾವು ಡೈರಿಯವರು. ಹಾಲು ಕೊಡುವ ಹಸುವಿಗೆ ನಮ್ಮಲ್ಲಿ ಏಸಿ ಉಂಟು, ಗೌರವ ಉಂಟು. ಈ ಎತ್ತು ಹಾಲು ಕೊಡುವುದಿಲ್ಲ, ಗದ್ದೆ ಉಳುವುದಿಲ್ಲ, ಕರು ಹಾಕಿಸುವ ಯೋಗ್ಯತೆಯೂ ಇಲ್ಲ. ಕೊಂಬು ಮಾತ್ರ ಬಾಗಿಲಿಗೆ ಹಿಡಿಸದಷ್ಟು ಉದ್ದ! ನಮ್ಮ ಡೈರಿಗೆ ಬಂದು ಕೆಲಸ ಕೇಳಿದರೆ ಗೇಟಿನಿಂದಲೇ ಓಡಿಸುತ್ತೇವೆ!”

ಕಾರ್ಟರ್ ಹೊಟ್ಟೆ ಹಿಡಿದು ನಕ್ಕ. ಡಾಸನ್ ನಗುವುದನ್ನು ಅಲ್ ಖರ್ಜ್‌ನಲ್ಲಿ ಯಾರೂ ನೋಡಿರಲಿಲ್ಲ, ಅವತ್ತು ಅವನ ಕನ್ನಡಕ ಬಿದ್ದುಹೋಯಿತು. ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಕೈಹಾಕಿ “ಮತ್ತೊಮ್ಮೆ! ಎತ್ತಿನ ಭಾಗ ಮತ್ತೊಮ್ಮೆ!” ಎಂದರು. ಮಹಾಲಿಂಗ ಮತ್ತೊಮ್ಮೆ ಹೇಳಿದ. ಈ ಸಲ ಎತ್ತಿನ ನಡಿಗೆಯನ್ನೂ ನಡೆದು ತೋರಿಸಿದ.

“ನಿನ್ನ ರಜೆ ಆಯಿತು!” ಎಂದ ಕಾರ್ಟರ್.

“ಟಿಕೆಟ್ಟೂ ಆಯಿತು!” ಎಂದ ಡಾಸನ್.

ಮಹಾಲಿಂಗ ಅಲ್ಲೇ ಮೂಲೆಗೆ ಓಡಿ ಪಂಕಜಾಳಿಗೆ ಫೋನು ಮಾಡಿದ. “ಸಿಕ್ಕಿತು ಮಾರಾಯ್ತಿ! ಊರಿಗೆ ಹೇಳಿಬಿಡು!” ಅತ್ತ ಪಂಕಜಾ ಕಿರುಚಿದ್ದು ಒಲೆಯ ಹತ್ತಿರ ನಿಂತವರಿಗೂ ಕೇಳಿಸಿತು.

ಅವನು ಮರಳಿ ಬಂದು ಕೂತಾಗ ಉಸಾಮಾ ಕಾಫಿಯ ಬಟ್ಟಲನ್ನು ಕೆಳಗಿಟ್ಟ. ತೋರುಬೆರಳು, ಕಿರುಬೆರಳು ಎರಡನ್ನು ಮಾತ್ರ ನೆಟ್ಟಗೆ ಮಾಡಿ ಕೈಯೆತ್ತಿ ಹಿಡಿದ. ಮಹಾಲಿಂಗನೂ ಸಂತೋಷದಿಂದ ಹಾಗೆಯೇ ಕೈಯೆತ್ತಿದ.

“ಇದೇನು ಗೊತ್ತೇ, ಮಿಸ್ಟರ್ ಮಹಾಲಿಂಗ?” ಎಂದು ಉಸಾಮಾ ಮೆಲ್ಲಗೆ ಕೇಳಿದ. “ಕೊಂಬು. ಆ ಎತ್ತಿನ ಕೊಂಬು. ಸರಕಾರದ ಸ್ಕಾಲರ್‌ಶಿಪ್ಪಿನಲ್ಲಿ ನಾನು ಓದಿದ್ದು ಟೆಕ್ಸಸ್‌ನಲ್ಲಿ. ಒಂದು ಪಂದ್ಯ ತಪ್ಪಿಸಿದವನಲ್ಲ. ಆ ಎತ್ತಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ನಮ್ಮ ತಾಯಿಯ ಮನೆಯ ಗೋಡೆಯ ಮೇಲಿದೆ.”

ಕಾರ್ಟರ್ ಮತ್ತು ಡಾಸನ್ ಮುಖ ಮುಖ ನೋಡಿಕೊಂಡರು. ಇಬ್ಬರ ಕೆಲಸದ ಒಪ್ಪಂದವೂ ವರ್ಷಾಂತ್ಯಕ್ಕೆ ಮುಗಿಯಲಿತ್ತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂದು ಹೇಳಬೇಕಾದವನು ಇದೇ ಉಸಾಮಾ.

ಕಾರ್ಟರ್ ಗಂಟಲು ಸರಿಮಾಡಿಕೊಂಡ. “ನಿಜ ಹೇಳಬೇಕೆಂದರೆ, ಟೆಕ್ಸಸ್ ಕೂಡ ಬಹಳ ದೊಡ್ಡ ಡೈನಾಸ್ಟಿ.”

“ಕೂಡ ಯಾಕೆ?” ಎಂದ ಡಾಸನ್. “ಇರುವುದರಲ್ಲೇ ದೊಡ್ಡದು. ನಾನು ಯಾವಾಗಲೂ ಹೇಳುತ್ತಿದ್ದೆ.”

“ಮಹಾ, ನೀನು ಹಾಗೆ ಮಾತಾಡಬಾರದಿತ್ತು,” ಎಂದು ಕಾರ್ಟರ್ ತಲೆಯಾಡಿಸಿದ.

ವರ್ಷಗಳಿಂದ ಬಗೆಹರಿಯದ ಚರ್ಚೆ ಹೀಗೆ ಒಮ್ಮತದಿಂದ ಮುಗಿಯಿತು. ಒಮ್ಮತದ ಹೊರಗೆ ಉಳಿದವನು ಒಬ್ಬನೇ. ಅವನ ಕೈ ಇನ್ನೂ ಎರಡು ಬೆರಳು ನೆಟ್ಟಗೆ ಮಾಡಿಕೊಂಡು ಗಾಳಿಯಲ್ಲೇ ಇತ್ತು.

“ಸರ್, ನನ್ನ ರಜೆ...” ಎಂದ ಮಹಾಲಿಂಗ.

“ಖಂಡಿತ ಕೊಡುತ್ತೇನೆ,” ಎಂದು ಉಸಾಮಾ ನಕ್ಕ. ಅವನ ನಗುವಿನಲ್ಲಿ ಸಿಟ್ಟು ಸ್ವಲ್ಪವೂ ಇರಲಿಲ್ಲ, ಅದರಿಂದಲೇ ಮಹಾಲಿಂಗನಿಗೆ ಹೆಚ್ಚು ಭಯವಾಯಿತು. “ಆದರೆ ಫುಟ್‌ಬಾಲಿನ ಕಾಲ ಮುಗಿಯುವುದು ಜನವರಿಯಲ್ಲಿ. ಇಂಥ ಮಾತುಗಾರನನ್ನು ಡಿಸೆಂಬರಿನಲ್ಲಿ ಯಾರಾದರೂ ಬಿಟ್ಟುಕೊಡುತ್ತಾರೆಯೇ? ಇನ್ನು ಪ್ರತಿ ಗುರುವಾರ ನನ್ನ ಮನೆಯಲ್ಲಿ ಸೇರೋಣ. ನೀವು ಟೆಕ್ಸಸ್ ಪರ ಮಾತಾಡಿ. ಎತ್ತಿನಿಂದಲೇ ಆರಂಭಿಸಿ.”

“ಒಳ್ಳೆಯ ಯೋಚನೆ!” ಎಂದರು ಕಾರ್ಟರ್ ಮತ್ತು ಡಾಸನ್ ಒಂದೇ ಉಸಿರಿಗೆ.

ಮಹಾಲಿಂಗ ಮನೆಗೆ ಬಂದಾಗ ಪಂಕಜಾ ಪಾಯಸ ಮಾಡಿಟ್ಟಿದ್ದಳು. ಉಪ್ಪಿನಂಗಡಿಯಿಂದ ಅದಾಗಲೇ ಆರೇಳು ಜನ ಫೋನು ಮಾಡಿ ಸಂತೋಷ ಹಂಚಿಕೊಂಡಿದ್ದರು. ಅವನು ಕುರ್ಚಿಯ ತುದಿಯಲ್ಲಿ ಕೂತು, ಏನನ್ನೂ ಮುಚ್ಚದೆ ಎಲ್ಲ ಹೇಳಿದ. ಎತ್ತಿನ ನಡಿಗೆಯನ್ನೂ ಬಿಡಲಿಲ್ಲ.

ಪಂಕಜಾ ಪಾಯಸದ ಲೋಟವನ್ನು ಅವನ ಎದುರಿನಿಂದ ಎತ್ತಿಕೊಂಡಳು.

“ಅಲ್ಲ, ಒಂದು ಕೇಳ್ತೇನೆ,” ಎಂದಳು. “ಎತ್ತಿಗೆ ಬೈಯುವುದೇ ಅಂತ ಇದ್ರೆ ಕನ್ನಡದಲ್ಲಿ ಬೈಲಿಕ್ಕೆ ಎಂತ ಆಗಿತ್ತು ನಿಮಗೆ?”