ಓಡಾಕ ಹೋಗ್ಯಾರ

“ಇನ್ನೊಮ್ಮೆ ಆ ಚಿಲಕ ಜಗ್ಗಿದ್ರಂದ್ರ ಚಿಲಕಾನೂ ನಿಮ್ಮನ್ನೂ ಕೂಡಿಸಿ ಕಾಲುವಿಗೆ ಎಸೀತೀನಿ!”

“ಹಾಕ್ಯದೋ ಇಲ್ಲೋ ಅಂತ ನೋಡಿದೆ, ಅಷ್ಟ.”

“ಎಷ್ಟು ಸಲ ನೋಡ್ತೀರಿ? ಕಾಲುವಿ ಒಡೀತದ, ಗ್ಯಾಸ್ ಸಿಡೀತದ, ಸಾಲಿ ಮಾಡು ಬೀಳ್ತದ! ಮದುವಿ ಆದಾಗಿಂದ ನಿಮ್ಮ ಜೋಡಿ ನಾನೂ ಕಣ್ಣು ಮುಚ್ಚಿಲ್ಲ. ಡಾಕ್ಟರ್ ಹೇಳಿದ್ದು ಇವತ್ತು ಮಾಡ್ಲಿಲ್ಲಂದ್ರ ನಾ ಕಕ್ಕೇರಾ ಬಸ್ ಹತ್ತಾಕಿ. ತಿರುಗಿ ಬರಾಕಿ ಅಲ್ಲ.”

ಕೆಂಭಾವಿಯ ಲಿಂಗಣ್ಣ ಮಾಸ್ತರರಿಗೆ ಇದ್ದದ್ದು ಒಂದೇ ರೋಗ, ಚಿಂತೆ. ಬೆಲ್ಟು ಸಡಿಲಾದ ಗಿರಣಿಯಂತೆ ಎದೆ ಹಗಲೆಲ್ಲ ದಡಬಡ ಅನ್ನುತ್ತಿತ್ತು. ಶಹಾಪುರದ ಡಾಕ್ಟರು ಗುಳಿಗೆ ಕೊಟ್ಟು, “ಗುಳಿಗಿ ಅರ್ಧ ಕೆಲಸ ಮಾಡ್ತಾವ, ಉಳಿದರ್ಧ ನೀವ ಮಾಡಬೇಕು. ದಿನಾ ಬೆವರಿಳಿಯೋ ಹಂಗ ಓಡ್ರಿ, ಎದಿ ಹಗುರಾಗ್ತದ” ಎಂದಿದ್ದರು. ಬಿಳಿ ಕ್ಯಾನ್ವಾಸ್ ಶೂ ಬಂದು ಮೂಲೆಯಲ್ಲಿ ಕೂತಿದ್ದವು. ಓಡಿದರೆ ಎದೆಯೇ ಒಡೆದರೆ ಹೇಗೆ ಎಂಬುದು ಮಾಸ್ತರರ ಹೊಸ ಚಿಂತೆ. ಆದರೆ ಹೆಂಡತಿ ರೇಣಮ್ಮನ ತವರು ಕಕ್ಕೇರಾದ ಹೆಸರು ಕೇಳಿದ್ದೇ ಶೂ ಮೆಟ್ಟಿ ಹೊರಬಿದ್ದರು.

ಪಕ್ಕದ ಮನೆಯ ಮಲ್ಲಾಬಾಯಿ ಗೋಡೆಯ ಮೇಲೆ ಗದ್ದವಿಟ್ಟು ಕೇಳಿದಳು: “ಮಾಸ್ತರ ಎಲ್ಲಿ ಹೋದ್ರವ್ವಾ?”

“ಓಡಾಕ ಹೋಗ್ಯಾರ!” ಸಿಟ್ಟಿನಲ್ಲಿದ್ದ ರೇಣಮ್ಮ ರಪ್ಪನೆ ಕದ ಹಾಕಿದಳು.

‘ಓಡಾಕ’ದ ಬಾಲ ಕದದಲ್ಲಿ ಸಿಕ್ಕಿತೋ ಏನೋ, ಮಲ್ಲಾಬಾಯಿಗೆ ಕೇಳಿದ್ದು ‘ಓಡಿ ಹೋಗ್ಯಾರ’ ಅಂತ. ಅವಳದೂ ತಪ್ಪಿಲ್ಲ. ಆ ಊರಲ್ಲಿ ಆರೋಗ್ಯಕ್ಕೆಂದು ಯಾರೂ ಓಡಿದ್ದಿಲ್ಲ, ಓಡಿದವರೆಲ್ಲ ಓಡಿಹೋದವರೇ.

ಓಡಿಹೋಗಲು ಜೋಡಿಗೊಬ್ಬಳು ಬೇಕಲ್ಲ? ಹಿಟ್ಟಿನ ಗಿರಣಿಗೆ ನಿನ್ನೆ ಸಂಜೆಯಿಂದ ಬೀಗ ಬಿದ್ದಿತ್ತು. ಗಿರಣಿಯ ರತ್ನಾಬಾಯಿ ಗಂಡ ಸತ್ತವಳು. ಸಾಕು. ಸುದ್ದಿ ಚಾಂದಪಾಶಾನ ಚಹಾದಂಗಡಿ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು.

“ಯಾ ಅಲ್ಲಾ! ನಿನ್ನಿ ಚಹಾ ಕುಡಿಯೋವಾಗ ಮಾಸ್ತರಸಾಬರ ಕೈ ಗಡಗಡ ನಡಗತಿತ್ತು. ನಾ ಥಂಡಿ ಅನ್ಕೊಂಡೆ. ಇಷ್ಕ್ ನೋಡ್ರಿ ಅದು!”

ಕೆಂಭಾವಿಯಲ್ಲೇ ಮನೆ ಮಾಡಿದ್ದ ರೇಣಮ್ಮನ ಅಣ್ಣ ತಿಮ್ಮಣ್ಣ ಅಲ್ಲೇ ಬನ್ನು ತಿನ್ನುತ್ತಿದ್ದ. ಬಾಯಲ್ಲಿ ಬನ್ನು, ಕೈಯಲ್ಲಿ ಬಡಿಗೆ ಹಿಡಿದು ಚಾಂದಪಾಶಾನ ಮೋಟಾರ್ ಸೈಕಲ್ ಹತ್ತಿಯೇ ಬಿಟ್ಟ. ಐತವಾರ, ಯಾರಿಗೂ ಕೆಲಸವಿರಲಿಲ್ಲ. ಅರ್ಧ ಊರು ಹಿಂದೆ ಬಿತ್ತು.

ಮಾಸ್ತರರು ಕಾಲುವೆ ದಂಡೆಯ ಮೇಲೆ ಬಸುರಿಯಂತೆ ಮೆಲ್ಲಗೆ ಕಾಲಿಡುತ್ತಿದ್ದರು. ಹಿಂದೆ ಗದ್ದಲ ಕೇಳಿ ತಿರುಗಿದರೆ ಊರಿಗೆ ಊರೇ ಓಡಿಬರುತ್ತಿದೆ. ‘ಕಾಲುವಿ ಒಡೀತು!’ ಎಂದುಕೊಂಡು ಕಿತ್ತರು ನೋಡಿ ಓಟ! ಮೋಟಾರ್ ಸೈಕಲ್ಲು ತೂಬಿನ ಕೆಸರಿನಲ್ಲಿ ಎಮ್ಮೆಯಂತೆ ಕೂತುಬಿಟ್ಟಿತು. ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.

ಬೆವರು ಕಿತ್ತು ಬಂತು. ಅಂಗಿ ಮೈಗಂಟಿತು. ಆಮೇಲೆ ಒಂದು ವಿಚಿತ್ರ ನಡೆಯಿತು. ಎದೆ ಜೋರಾಗಿ ಬಡಿಯುತ್ತಿತ್ತು, ಆದರೆ ಅಂಜಿ ಬಡಿಯುತ್ತಿರಲಿಲ್ಲ. ಒಡೆದರೆ ಒಡೆಯಲಿ ಕಾಲುವೆ ಅನ್ನಿಸಿತು. ಮಾಸ್ತರರಿಗೆ ನಗು ಬಂತು.

“ನಗಾಕತ್ತಾನ ನೋಡ್ರಲೇ, ನಾಚಿಗಿಲ್ಲದಂವ!” ತಿಮ್ಮಣ್ಣ ಏದುಸಿರು ಬಿಡುತ್ತ ಒದರಿದ.

ಕಾಲುವೆ ಸೇತುವೆಯ ಬಳಿ ಮಾಸ್ತರರು ನಿಲ್ಲುವುದಕ್ಕೂ ಸುರಪುರದ ಬಸ್ಸು ಬರುವುದಕ್ಕೂ ಸರಿಹೋಯಿತು. ಇಳಿದವಳು ರತ್ನಾಬಾಯಿ, ಹೆಗಲ ಮೇಲೆ ಗಿರಣಿಯ ಹೊಸ ಬೆಲ್ಟು.

“ಸಿಕ್ಕರು!” ತಿಮ್ಮಣ್ಣ ತಂಗಿಯ ಗಂಡನ ಕೊರಳಪಟ್ಟಿ ಹಿಡಿದ. “ಇಬ್ಬರೂ ಓಡಿ ಹೋಗಾಕತ್ತೀರಿ!”

“ಓಡಿ ಹೋಗಾಕಿ ಬೆಲ್ಟ್ ತಗೊಂಡು ಊರಿಗೆ ಬರ್ತಾಳೇನೋ ಭಾಡ್ಯಾ? ಅದೂ ಈ ನಡಗೋ ಮನಷ್ಯಾನ ಜೋಡಿ? ನಾಳಿ ನಿಮ್ಮ ಮನಿ ಜ್ವಾಳ ಗಿರಣಿಗೆ ಬರ್ಲಿ, ನೋಡ್ತೀನಿ!” ರತ್ನಾಬಾಯಿ ಬೆಲ್ಟು ಬೀಸಿದಳು. ಊರು ಬಂದದ್ದಕ್ಕಿಂತ ಜೋರಾಗಿ ಹಿಂದಕ್ಕೋಡಿತು.

ಮಾಸ್ತರರು ಶಿಳ್ಳೆ ಹಾಕುತ್ತ ಮನೆಗೆ ಬಂದರು. “ರೊಟ್ಟಿ ಹಾಕು. ಡಾಕ್ಟರ್ ಹೇಳಿದ್ದು ಖರೇ ಅದ. ಎದಿ ಮ್ಯಾಲಿನ ಭಾರ ಎಲ್ಲಾ ಇಳೀತು!”

“ಇಳಿದದ್ದು ಎಲ್ಲಿಗೆ ಬಂತು ಗೊತ್ತದೇನ್ರಿ?” ರೇಣಮ್ಮನ ಕಣ್ಣು ಊದಿದ್ದವು. “ಮುಂಜಾನಿಂದ ಓಣಿ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಅಳಿಸಿ ಹೋಗ್ಯಾರ. ಓಡಾಕ ಹೋಗ್ಯಾರ ಅಂದ್ರ ಒಬ್ಬಾಕಿನೂ ನಂಬಲಿಲ್ಲ. ನನ್ನ ಎದಿ ದಡಬಡ ಅನ್ನಾಕತ್ತದ. ಇದನ್ನ ಯಾರು ನೋಡ್ತಾರ?”

“ಹಂಗಾದ್ರ ನೀನೂ ಓಡು. ಇಬ್ಬರಿಗೂ ಔಷಧ ಒಂದ” ಎಂದ ಮಾಸ್ತರರು ರೊಟ್ಟಿಗೆ ಕೈ ಹಾಕಿದರು. ಉಂಡು, ಚಿಲಕ ಕೂಡ ನೋಡದೆ, ಗೊರಕೆ ಹೊಡೆದರು.

ಸಂಜೆ ಮಾಸ್ತರರು ಅರೆಗಣ್ಣು ತೆರೆದಾಗ ರೇಣಮ್ಮ ಹೊಸ್ತಿಲಲ್ಲಿ ಕೂತು ಬಿಳಿ ಶೂಗಳ ದಾರ ಬಿಗಿಯುತ್ತಿದ್ದಳು.

“ಓಡಾಕ ಹೋಗ್ತೀನಿ.”

“ಬೆವರಿಳಿಯೋ ಹಂಗ ಓಡು” ಎಂದು ಹರಸಿ ಮಗ್ಗುಲು ಬದಲಿಸಿದರು.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲೆ ಗದ್ದ ಕಾಣಿಸಿತು. “ರೇಣಮ್ಮ ಎಲ್ರಿ ಮಾಸ್ತರ?”

“ಓಡಾಕ ಹೋಗ್ಯಾಳ. ಓ-ಡಾ-ಕ!” ಮಾಸ್ತರರು ಒತ್ತಿ ಒತ್ತಿ ಹೇಳಿದರು.

“ಕೇಳ್ತು ಬಿಡ್ರಿ. ಅಲ್ಲ, ಓಡಾಕ ಚೀಲಾ ಯಾಕ ಬೇಕ್ರಿ?”

ಮಾಸ್ತರರು ಗೂಟ ನೋಡಿದರು. ರೇಣಮ್ಮನ ಬಟ್ಟೆಯ ಚೀಲ ಇರಲಿಲ್ಲ. ದೂರದಲ್ಲಿ ಕಕ್ಕೇರಾ ಬಸ್ಸು ಹಾರ್ನ್ ಹೊಡೆಯಿತು. ಎದೆ ದಡಬಡ ಎಂದಿತು. ಬಸ್‌ಸ್ಟ್ಯಾಂಡಿಗೆ ಓಡಬೇಕೆಂದು ಧಡಕ್ಕನೆ ಎದ್ದು, ಕತ್ತಲಲ್ಲಿ ಮೂಲೆ ಮೂಲೆ ತಡಕಾಡಿ ಶೂ ಹುಡುಕಿದರು.

ಆ ಶೂಗಳು ಮತ್ತೆ ಕೆಂಭಾವಿಗೆ ಬರಲಿಲ್ಲ.